ಅನಾಥಾಲಯದ ಅಚ್ಚು, ಬೋಳಾರದ ಹೆಂಚು

ಹತ್ತೊಂಬತ್ತನೇ ಶತಮಾನದ ಮಂಗಳೂರಿನಲ್ಲಿ ಕಾಫಿ ರವಾನಿಸುತ್ತಿದ್ದವರು ಯಾರು, ಹಡಗು ಕಂಪನಿಯ ಏಜೆಂಟರು ಯಾರು, ಬಂದರಿನ ಅಧಿಕಾರಿ ಯಾರು ಎಂದು ತಿಳಿಯಬೇಕಾದರೆ ಮದ್ರಾಸಿನ ಒಂದು ಅನಾಥಾಲಯದ ಅಚ್ಚುಕೂಟ ಹೊರಡಿಸಿದ ದಪ್ಪ ಪುಸ್ತಕವನ್ನು ತೆರೆಯಬೇಕು. ಐರೋಪ್ಯ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಕಂಪನಿ ಸರಕಾರದ ಕಾಲದಲ್ಲಿ ಅಲ್ಲಿ ಒಂದು ಆಶ್ರಮ ಇತ್ತು. 1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಅದರ ಹೊಣೆ ಹೊತ್ತರು. ಊರ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡು ಅದನ್ನೇ ತಮ್ಮ ಶಾಲೆಗೆ ತಂದವರು, ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಕ್ರಮವನ್ನು ಮುಂದೆ ಇಂಗ್ಲೆಂಡಿಗೂ ಒಯ್ದವರು ಇವರೇ. ಹುಡುಗರಿಗೆ ಕಸುಬು ಸಿಗಲಿ, ಆಶ್ರಮಕ್ಕೆ ನಾಲ್ಕು ಕಾಸು ಬರಲಿ ಎಂದು ನಡೆಸಿದ ಅಚ್ಚುಕೂಟವೇ ‘ಅಸೈಲಮ್ ಪ್ರೆಸ್’. ಅದರ ವಾರ್ಷಿಕ ಆಲ್ಮನಾಕ್ ದಕ್ಷಿಣ ಭಾರತದ ಕಚೇರಿ, ಕ್ಲಬ್ಬು, ಕಾಫಿ ತೋಟದ ಬಂಗಲೆಗಳ ಮೇಜಿನ ಮೇಲೆಲ್ಲ ಇರುತ್ತಿತ್ತು.

ಆಲ್ಮನಾಕ್ ಅಂದರೆ ಪಂಚಾಂಗ. ಹುಣ್ಣಿಮೆ, ಅಮಾವಾಸ್ಯೆ, ಸರಕಾರಿ ರಜೆ, ಅಂಚೆ ದರ ಎಲ್ಲ ಅದರಲ್ಲಿರುತ್ತಿದ್ದವು. ಆದರೆ ಜನ ಅದನ್ನು ಕೊಳ್ಳುತ್ತಿದ್ದದ್ದು ಹಿಂದಿನ ಪುಟಗಳಿಗಾಗಿ: ಜಿಲ್ಲೆವಾರು, ಊರುವಾರು, ಹುದ್ದೆವಾರು ಹೆಸರುಗಳ ಪಟ್ಟಿ. ಕಲ್ಕತ್ತೆಯಲ್ಲಿ ಥ್ಯಾಕರ್ ಸ್ಪಿಂಕ್ ಕಂಪನಿ ಇದೇ ಕೆಲಸವನ್ನು ಬಂಗಾಳಕ್ಕಾಗಿ ಮಾಡುತ್ತಿತ್ತು. 1885ರಿಂದ ಅದು ‘ಥ್ಯಾಕರ್ಸ್ ಇಂಡಿಯನ್ ಡೈರೆಕ್ಟರಿ’ ಎಂದು ಹೆಸರು ಬದಲಿಸಿಕೊಂಡು ಇಡೀ ದೇಶವನ್ನು ತನ್ನ ರಟ್ಟುಗಳ ನಡುವೆ ತುಂಬಿಸಿಕೊಳ್ಳಲು ಹೊರಟಿತು. ಬೊಂಬಾಯಿಯಲ್ಲಿ ಟೈಮ್ಸ್ ಆಫ್ ಇಂಡಿಯಾದವರದ್ದು ಇನ್ನೊಂದು.

ಈ ಜಾತಿಯ ಪುಸ್ತಕದ ತವರು ಇಂಗ್ಲೆಂಡ್. 1677ರಷ್ಟು ಹಿಂದೆಯೇ ಲಂಡನ್ನಿನ ವರ್ತಕರ ಪಟ್ಟಿಯೊಂದು ಅಚ್ಚಾಗಿತ್ತು. ಸಣ್ಣ ಊರುಗಳ ಸರದಿ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಮ್ಯಾಂಚೆಸ್ಟರಿನ ಜೇಮ್ಸ್ ಪಿಗಟ್ ತನ್ನ ಜನರನ್ನು ಊರೂರಿಗೆ ಅಟ್ಟಿದ. ಲಂಡನ್ನಿನ ಅಂಚೆ ಇಲಾಖೆಯಲ್ಲಿ ಪೋಸ್ಟ್‌ಮನ್ನರ ಮೇಲ್ವಿಚಾರಕನಾಗಿದ್ದ ಫ್ರೆಡರಿಕ್ ಕೆಲಿ 1830ರ ದಶಕದಲ್ಲಿ ಅಲ್ಲಿನ ಡೈರೆಕ್ಟರಿಯನ್ನು ಕೈಗೆ ತೆಗೆದುಕೊಂಡು, ಕಾಗದ ಹಂಚುವವರಿಂದಲೇ ಮನೆಮನೆಯ ಹೆಸರು ಬರೆಸಿಕೊಂಡ. ಸರಕಾರದ ಸಂಬಳ ತಿನ್ನುವವರಿಂದ ಖಾಸಗಿ ವ್ಯಾಪಾರ ನಡೆಸುತ್ತಾನೆ ಎಂದು ಗದ್ದಲವೂ ಆಯಿತು. ಉಪಾಯವೇನೋ ಪಕ್ಕಾ ಇತ್ತು: ಊರಿನಲ್ಲಿ ಯಾರು ಎಲ್ಲಿದ್ದಾರೆ ಎಂದು ಪೋಸ್ಟ್‌ಮನ್ನನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಇಂಗ್ಲೆಂಡಿನ ಒಂದು ಸಣ್ಣ ಪೇಟೆಯ ಪುಟ ತೆರೆದರೆ ಮೊದಲು ಊರಿನ ನಾಲ್ಕು ಸಾಲಿನ ವರ್ಣನೆ, ಸಂತೆಯ ದಿನ, ಕೋಚು ಗಾಡಿ ಹೊರಡುವ ಹೊತ್ತು. ಆಮೇಲೆ ಗಣ್ಯರು, ಪಾದ್ರಿಗಳು. ಅವರ ಕೆಳಗೆ ರೊಟ್ಟಿ ಸುಡುವವರು, ಕಮ್ಮಾರರು, ಚಮ್ಮಾರರು, ಹೆಂಗಸರ ಟೋಪಿ ಹೊಲಿಯುವವರು. ಗಂಡ ತೀರಿಕೊಂಡ ಮೇಲೆ ಸಾರಾಯಿ ಅಂಗಡಿಯನ್ನು ತಾನೇ ನಡೆಸುವ ಹೆಂಗಸಿನ ಹೆಸರೂ ಅಲ್ಲಿ ಸಿಕ್ಕೀತು. ಇಂಗ್ಲೆಂಡಿನ ಸಣ್ಣ ಊರುಗಳ ಚರಿತ್ರೆ ಬರೆಯುವವರು ಈ ಪುಸ್ತಕಗಳ ಬೆನ್ನು ಹತ್ತಿರುವುದು ಅದಕ್ಕೇ. ಲೀಸ್ಟರ್ ವಿಶ್ವವಿದ್ಯಾಲಯ ಅಂಥ ಡೈರೆಕ್ಟರಿಗಳನ್ನು ಗುಡ್ಡೆ ಹಾಕಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದೆ.

ಮದ್ರಾಸಿನ ಪುಸ್ತಕದಲ್ಲಿ ದಕ್ಷಿಣ ಕನ್ನಡದ ಪುಟಕ್ಕೆ ಬಂದಾಗ ಕಾಣುವ ಮಂಗಳೂರು ಬೇರೆಯೇ ಥರದ್ದು. ಕಲೆಕ್ಟರು, ಜಿಲ್ಲಾ ಜಡ್ಜಿ, ಬಂದರಿನ ಅಧಿಕಾರಿ, ಡಾಕ್ಟರು. ಆಮೇಲೆ ಮಿಷನ್ನುಗಳು. ಆಮೇಲೆ ವರ್ತಕ ಸಂಸ್ಥೆಗಳು. ಕೊಡಗು, ಮೈಸೂರು ಸೀಮೆಗಳ ಕಾಫಿ ಎತ್ತಿನ ಗಾಡಿಗಳಲ್ಲಿ ಘಾಟಿ ಇಳಿದು ಇಲ್ಲಿಗೆ ಬಂದು, ಒಣಗಿ, ಸಿಪ್ಪೆ ಕಳೆದುಕೊಂಡು ಹಡಗು ಹತ್ತುತ್ತಿದ್ದ ಕಾಲ ಅದು. ಪಿಯರ್ಸ್ ಲೆಸ್ಲಿಯಂಥ ಕಂಪನಿಗಳು ಆ ವ್ಯವಹಾರದವು. ರೈಲು ಮಂಗಳೂರು ಮುಟ್ಟಿದ್ದು 1907ರಲ್ಲಿ. ಅಲ್ಲಿಯವರೆಗೆ ದೋಣಿ, ಗಾಡಿ, ಸ್ಟೀಮರುಗಳೇ ಗತಿ. ಸ್ಟೀಮರುಗಳೋ ದಡಕ್ಕೆ ಬರುತ್ತಿರಲಿಲ್ಲ, ದೂರದಲ್ಲಿ ಲಂಗರು ಹಾಕುತ್ತಿದ್ದವು. ಮಳೆಗಾಲದಲ್ಲಿ ಬಂದರೇ ಬಂದ್. ತೋಟದ ಸಾಹೇಬನಿಗೆ ಬೇಕಿದ್ದದ್ದು ತನ್ನ ಕಾಫಿಯನ್ನು ಯಾರಿಗೆ ಒಪ್ಪಿಸಬೇಕು, ರಜೆಯಲ್ಲಿ ಊರಿಗೆ ಹೋಗಲು ಯಾರಲ್ಲಿ ಟಿಕೆಟ್ ಕೇಳಬೇಕು ಎಂಬ ವಿವರ. ಪುಸ್ತಕ ಕೊಳ್ಳುವವನೂ ಅವನೇ. ಹಾಗಾಗಿ ಪುಸ್ತಕದಲ್ಲಿರುವುದು ಅವನಿಗೆ ಬೇಕಾದ ಮಂಗಳೂರು.

1901ರ ಜನಗಣತಿಯ ಪ್ರಕಾರ ಈ ಊರಿನಲ್ಲಿದ್ದವರು 44,108 ಮಂದಿ. ಡೈರೆಕ್ಟರಿಯ ಮಂಗಳೂರನ್ನು ಒಂದು ದೊಡ್ಡ ಮದುವೆಯ ಚಪ್ಪರದಡಿ ಕೂರಿಸಬಹುದಿತ್ತು. ಉಳಿದವರೆಲ್ಲ ಎಲ್ಲಿ ಹೋದರು? ಬೋಳಾರಕ್ಕೆ ಬಂದರೆ ಈ ಪ್ರಶ್ನೆ ಇನ್ನೂ ಚುಚ್ಚುತ್ತದೆ.

ಮಂಗಳಾದೇವಿ ದೇವಸ್ಥಾನ ಇರುವ ಬೋಳಾರ ಊರಿಗೇ ಹೆಸರು ಕೊಟ್ಟ ಜಾಗ. ದಕ್ಷಿಣಕ್ಕೆ ನಡೆದರೆ ಜೆಪ್ಪು, ಪಡುವಣಕ್ಕೆ ಹೊಯ್ಗೆಬಜಾರ್, ನಡುವೆ ನೇತ್ರಾವತಿಯ ದಂಡೆ. ಹೊಳೆಯ ಮೇಲಿನಿಂದ ದೋಣಿಯಲ್ಲಿ ಆವೆಮಣ್ಣು ಬರುತ್ತಿತ್ತು, ಸೌದೆ ಬರುತ್ತಿತ್ತು. ಸುಟ್ಟ ಹೆಂಚು ಅದೇ ನೀರಿನ ದಾರಿಯಲ್ಲಿ ಮಂಜಿ ಎಂಬ ಹಾಯಿಹಡಗು ಹತ್ತಿ ಹೋಗುತ್ತಿತ್ತು. ಹೆಂಚಿನ ಕಾರ್ಖಾನೆಗಳು ಈ ಹೊಳೆಬದಿಯಲ್ಲೇ ಸಾಲುಗಟ್ಟಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಈ ಕೆಲಸದಲ್ಲಿದ್ದ ಮಣ್ಣು ತುಳಿದವರು, ದೋಣಿ ಹುಟ್ಟು ಹಾಕಿದವರು, ಹಸಿ ಹೆಂಚನ್ನು ತಲೆಯ ಮೇಲೆ ಹೊತ್ತು ಒಣಗಲು ಇಟ್ಟ ಹೆಂಗಸರು, ಗೂಡಿಗೆ ಬೆಂಕಿ ಕಾದವರು ಒಬ್ಬರೂ ಡೈರೆಕ್ಟರಿಯಲ್ಲಿಲ್ಲ. ಇಂಗ್ಲೆಂಡಿನ ಪೇಟೆಯ ಚಮ್ಮಾರನಿಗೆ ಸಿಕ್ಕ ಒಂದು ಸಾಲು ಬೋಳಾರದ ದೋಣಿಯವನಿಗೆ ಸಿಗಲಿಲ್ಲ. ಇದು ಅಚ್ಚು ಹಾಕಿದವರ ದುರುದ್ದೇಶ ಅಂತ ನನಗೇನೂ ಅನಿಸುವುದಿಲ್ಲ. ದೋಣಿಯವನಿಗೆ ಕಾಗದ ಬರೆಯುವವರು ಯಾರೂ ಇರಲಿಲ್ಲ, ಅಷ್ಟೆ. ಆದರೆ ಇದೇ ಪುಸ್ತಕ ಹಿಡಿದು ‘ಅಂದಿನ ಮಂಗಳೂರು ಹೀಗಿತ್ತು’ ಎಂದು ಬರೆಯಲು ಕೂತರೆ ತಪ್ಪು ನಮ್ಮದಾಗುತ್ತದೆ.

ಹಾಗಾದರೆ ಬೋಳಾರಕ್ಕೆ ತನ್ನದೇ ಡೈರೆಕ್ಟರಿ ಇಲ್ಲವೇ? ಇದೆ, ಮಾಡಿನ ಮೇಲಿದೆ.

1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಶುರು ಮಾಡಿದ ‘ಮಂಗಳೂರ ಸಮಾಚಾರ’ ಅಲ್ಲೇ ಅಚ್ಚಾಯಿತು. 1851ರಲ್ಲಿ ಲೋಹದ ಅಚ್ಚುಮೊಳೆಗಳ ಕೆಲಸಕ್ಕೆಂದು ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರಕುಶಲಿಯೇ 1865ರಲ್ಲಿ ಜೆಪ್ಪುವಿನ ಹೊಳೆಬದಿಯಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆ ತೆರೆದವನು. ಮತಾಂತರವಾಗಿ ಕುಲಕಸುಬು, ಒಕ್ಕಲು ಕಳೆದುಕೊಂಡವರಿಗೆ ಅನ್ನದ ದಾರಿಯಾಗಲಿ ಎಂಬುದು ಮಿಷನ್ನಿನ ಲೆಕ್ಕ. ಮೊದಮೊದಲು ಮಣ್ಣು ಅರೆಯುವ ಯಂತ್ರಕ್ಕೆ ಎತ್ತುಗಳನ್ನು ಕಟ್ಟಿದ್ದರು, ಉಗಿಯಂತ್ರ ಆಮೇಲೆ ಬಂತು. ಒಂದರೊಳಗೊಂದು ಕಚ್ಚಿಕೊಳ್ಳುವ ಚಪ್ಪಟೆ ಹೆಂಚಿನ ವಿನ್ಯಾಸ ಆಲ್ಸೇಸಿನ ಜಿಲಾರ್ಡೋನಿ ಸೋದರರದ್ದು, 1841ರ ಪೇಟೆಂಟು. ಅದು ಫ್ರಾನ್ಸಿನ ಮಾರ್ಸೇಲ್ ಮಾರ್ಗವಾಗಿ ಜಗತ್ತಿಗೆ ಹಬ್ಬಿದ್ದು. ಮುಳಿಹುಲ್ಲಿನ ಮಾಡಿಗೆ ವರ್ಷವರ್ಷ ಹುಲ್ಲು ಹೊದೆಸುತ್ತಿದ್ದ ಕರಾವಳಿಗೆ ಈ ಹೆಂಚು ಹೇಳಿ ಮಾಡಿಸಿದಂತಿತ್ತು.

ಕಾಗದದ ಮೇಲೆ ಅಕ್ಷರ ಒತ್ತಿದವನೇ ಮಣ್ಣಿನ ಮೇಲೂ ಒತ್ತಿದ ಎಂಬುದು ನನಗೆ ಈ ಕಥೆಯ ಅತ್ಯಂತ ರುಚಿಕಟ್ಟಾದ ಭಾಗ. ಹೆಂಚು ಒತ್ತುವ ಅಚ್ಚಿನಲ್ಲೇ ಕಾರ್ಖಾನೆಯ ಹೆಸರು, ಊರು, ಗುರುತಿನ ಚಿತ್ರ, ಕೆಲವೊಮ್ಮೆ ಇಸವಿ ಕೊರೆದಿರುತ್ತಿತ್ತು. ಹೆಸರು ಬೀಳುವುದು ಹೆಂಚಿನ ಅಡಿಭಾಗಕ್ಕೆ. ಮುಚ್ಚಿಗೆ ಇಲ್ಲದ ಮನೆಯಲ್ಲಿ ಅಂಗಾತ ಮಲಗಿದವನಿಗೆ ಪಕ್ಕಾಸು, ರೀಪುಗಳ ನಡುವೆ ಅದು ಸಾಲುಸಾಲಾಗಿ ಕಾಣುತ್ತದೆ. ಕರಾವಳಿಯ ಎಷ್ಟೋ ಮಕ್ಕಳು ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದು ಹಾಗೆ.

ಮಿಷನ್ನಿನವರ ಹಿಂದೆಯೇ ಊರಿನವರೂ ಇಳಿದರು. 1868ರಲ್ಲಿ ಆಲ್ಬುಕರ್ಕ್ ಹೆಂಚಿನ ಕಾರ್ಖಾನೆ ಶುರುವಾಯಿತು. ಆಮೇಲೆ ಕೊಂಕಣಿ ಕ್ರೈಸ್ತ ಮನೆತನಗಳು ಒಂದೊಂದಾಗಿ ಈ ಕಸುಬಿಗೆ ಬಂದವು. ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಮಂಗಳೂರಿನ ಸುತ್ತಮುತ್ತ ಸುಮಾರು 25 ಕಾರ್ಖಾನೆಗಳು. ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾದವರೆಗೆ ಮಂಗಳೂರು ಹೆಂಚು ಹೋಯಿತು. ಯಾವ ಕಲ್ಕತ್ತೆಯ ಪುಸ್ತಕವೂ ತಲುಪದ ಹಳ್ಳಿಗಳಿಗೆ ಈ ಕಂಪನಿಗಳ ಹೆಸರು ಸೂರಿನ ಮೇಲೆ ಕೂತು ತಲುಪಿತು. ಇಂಥದ್ದೇ ಇನ್ನೊಂದು ದಾಖಲೆ ನಮ್ಮ ಬಸ್ಸಿನ ಕಂಡಕ್ಟರರ ಬಾಯಲ್ಲಿದೆ. ಜೆಪ್ಪುವಿನ ಮೋರ್ಗನ್ಸ್ ಗೇಟಿನಲ್ಲಿ ಇಳಿಯುವವರಲ್ಲಿ ಯಾರು ಮೋರ್ಗನ್ ಎಂದು ಕೇಳುವವರು ಕಡಿಮೆ. ಡೈರೆಕ್ಟರಿಯ ಪುಟದಲ್ಲಿರಬೇಕಾದ ಹೆಸರು ಸ್ಟಾಪಿನ ಹೆಸರಾಗಿ ಉಳಿದಿದೆ.

ಹೆಂಚಿನ ದಾಖಲೆಯೂ ಪೂರ್ತಿ ಪ್ರಾಮಾಣಿಕ ಅಲ್ಲ. ಅದರಲ್ಲೂ ಯಜಮಾನನ ಹೆಸರು ಮಾತ್ರ ಇರುವುದು. ಇಸವಿಯದ್ದು ಇನ್ನೊಂದು ಪೇಚು. ‘1865’ ಎಂದಿರುವ ಬಾಸೆಲ್ ಮಿಷನ್ ಹೆಂಚು ಸಿಕ್ಕಿದೊಡನೆ ನೂರೈವತ್ತು ವರ್ಷ ದಾಟಿದ ಹೆಂಚು ಎಂದು ಹಳೆ ಸಾಮಾನಿನ ವ್ಯಾಪಾರಿಗಳು ಬೆಲೆ ಏರಿಸುವುದುಂಟು. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಹುಟ್ಟಿದ್ದಲ್ಲ. ಎಷ್ಟೋ ವರ್ಷಗಳ ಬಳಿಕ ಸುಟ್ಟ ಹೆಂಚಿಗೂ ಅದೇ ಅಚ್ಚು. ಡೈರೆಕ್ಟರಿಗೂ ಈ ರೋಗ ಇತ್ತು. ಕಂಪನಿಗಳಿಂದ, ಕಚೇರಿಗಳಿಂದ ಮಾಹಿತಿ ತರಿಸಿಕೊಂಡು ಹೊಸ ಪುಟ ಕಟ್ಟಬೇಕು. ಉತ್ತರ ಬಾರದಿದ್ದರೆ ಹಿಂದಿನ ವರ್ಷದ ಸಾಲೇ ಮುಂದುವರಿಯುತ್ತದೆ. ವರ್ಗವಾಗಿ ಹೋದವರು, ಮಣ್ಣಾದವರು ಕೂಡ ಒಂದೆರಡು ವರ್ಷ ಅಚ್ಚಿನಲ್ಲಿ ಊರಲ್ಲೇ ಇರುತ್ತಿದ್ದರು. ಬಲ್ಲವರು ಹಾಗಾಗಿ ಒಂದು ವರ್ಷದ ಪುಸ್ತಕ ನೋಡಿ ತೀರ್ಮಾನಿಸುವುದಿಲ್ಲ. ಐದಾರು ವರ್ಷದ್ದನ್ನು ಸಾಲಾಗಿಟ್ಟು ಹೆಸರು ಯಾವಾಗ ಬಂತು, ‘ಅಂಡ್ ಸನ್ಸ್’ ಯಾವಾಗ ಸೇರಿತು, ಯಾವಾಗ ಮಾಯವಾಯಿತು ಎಂದು ನೋಡುತ್ತಾರೆ.

ಹೆಸರಿಲ್ಲದ ಕೆಲಸಗಾರರನ್ನು ಹುಡುಕಬೇಕಾದರೆ ಬೇರೆ ಬಾಗಿಲುಗಳಿವೆ. ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ಕಾರ್ಖಾನೆಯ ಆಳುಗಳ ಲೆಕ್ಕ ಸಿಗುತ್ತದೆ. ಇಗರ್ಜಿಗಳ ಜ್ಞಾನಸ್ನಾನ, ಮದುವೆಯ ಪುಸ್ತಕಗಳಲ್ಲಿ ಹೆಸರುಗಳೇ ಸಿಗುತ್ತವೆ. ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಮಿಷನ್ನಿನ ಹಳೆಯ ಕಾಗದಪತ್ರ, ಪುಸ್ತಕಗಳಿವೆ. ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿರುವ ಭಂಡಾರದ ಫೋಟೋಗಳನ್ನಂತೂ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನೋಡಬಹುದು. ಕಲೆಕ್ಟರರಾಗಿದ್ದ ಸ್ಟರಾಕ್ 1894ರಲ್ಲಿ ಹೊರತಂದ ದಕ್ಷಿಣ ಕನ್ನಡದ ಮ್ಯಾನುಯಲ್ ಪಕ್ಕದಲ್ಲಿದ್ದರೆ ಜಿಲ್ಲೆಯ ಬೆಳೆ, ಕಸುಬು, ಜಾತಿಗಳ ಅಂದಾಜು ಸಿಗುತ್ತದೆ. ಅದು ಕಲೆಕ್ಟರ ಕಣ್ಣಿನ ಜಿಲ್ಲೆ ಎಂಬುದನ್ನು ಮಾತ್ರ ಮರೆಯಬಾರದು.

ಕಾಗದ, ಹೆಂಚು ಎರಡೂ ಒಂದೇ ಮಾತು ಹೇಳುವ ಸಂದರ್ಭವೂ ಒಂದಿದೆ. ಬಾಸೆಲ್ ಮಿಷನ್ 1859ರಿಂದಲೇ ವ್ಯಾಪಾರಕ್ಕೆ ಬೇರೆ ಕಂಪನಿ ಕಟ್ಟಿಕೊಂಡಿತ್ತು. ಹಾಗಾಗಿ ಡೈರೆಕ್ಟರಿಯವರ ಪಾಲಿಗೆ ಅದು ಪಾದ್ರಿಗಳ ಪಟ್ಟಿಗೂ ಸಲ್ಲುವ, ವರ್ತಕರ ಪಟ್ಟಿಗೂ ಸಲ್ಲುವ ವಿಚಿತ್ರ ಗಿರಾಕಿ. ಮೊದಲ ಮಹಾಯುದ್ಧ ಬಂತು. ಮಿಷನ್ನಿನಲ್ಲಿ ಜರ್ಮನರು ಬಹಳವಿದ್ದರೆಂದು ಬ್ರಿಟಿಷ್ ಸರಕಾರ ಅದರ ಆಸ್ತಿಯನ್ನು ವಶಪಡಿಸಿಕೊಂಡು, 1919ರಲ್ಲಿ ಕಾರ್ಖಾನೆಗಳನ್ನು ಹೊಸದಾಗಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿತು. ಗೂಡು ಅದೇ, ಮಣ್ಣು ಅದೇ; ಒಡೆತನದ ಹೆಸರು ಮಾತ್ರ ಡೈರೆಕ್ಟರಿಯಲ್ಲೂ ಹೆಂಚಿನಲ್ಲೂ ಬೇರೆ. ಬೋಳಾರ, ಜೆಪ್ಪುವಿನ ಕಾರ್ಖಾನೆಗಳು ಈಗ ಬಹುಪಾಲು ಮುಚ್ಚಿವೆ, ಆ ಜಾಗಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ. ಹಳೆಯ ಮನೆ ಕೆಡವುವವರು ಹೆಂಚನ್ನು ಸಾವಿರದ ಲೆಕ್ಕದಲ್ಲಿ ರೆಸಾರ್ಟಿನವರಿಗೆ ಮಾರುತ್ತಾರೆ. ಮಾರುವ ಮೊದಲು ಕೆಳಗಿನಿಂದ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು: ಹೆಂಚು ಇಳಿಸಿ ಅಟ್ಟಿ ಹಾಕಿದರೆ ಯಾವುದು ಎಲ್ಲಿತ್ತು ಎಂಬ ಲೆಕ್ಕ ತಪ್ಪುತ್ತದೆ. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸುವಾಗ ಒಡೆದದ್ದರ ಜಾಗಕ್ಕೆ ಆ ವರ್ಷ ಪೇಟೆಯಲ್ಲಿ ಸಿಕ್ಕ ಕಂಪನಿಯ ಹೆಂಚನ್ನೇ ಹಾಕುತ್ತಾ ಬಂದಿರುತ್ತಾರೆ. ಹೀಗೆ ಒಂದೇ ಮಾಡಿನಲ್ಲಿ ಮಿಷನ್ನಿನದ್ದೊಂದು ಸಾಲು, ಟ್ರಸ್ಟಿನದ್ದು ಅಲ್ಲೊಂದು ಇಲ್ಲೊಂದು, ಸೋರುವ ಮೂಲೆಯಲ್ಲಿ ಇನ್ಯಾರದ್ದೋ ಸೇರಿಕೊಂಡಿರುತ್ತವೆ.