ತೆಳು ತಂತಿಗೂ ಉಕ್ಕಿನ ಕವಚ ಬೇಕು



ಬಾವಿಯ ಮೋಟಾರಿಗೆ ಹೋಗುವ ದಪ್ಪ ಕೇಬಲ್ಲಿನ ವಿಷಯದಲ್ಲಿ ನೀವೆಲ್ಲ ಎಚ್ಚರದಿಂದಲೇ ಇರುತ್ತೀರಿ. ಅದರ ಮೇಲೆ ಎತ್ತಿನ ಗಾಡಿ ಹಾಯಿಸುವುದಿಲ್ಲ, ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಆದರೆ ಅದೇ ಸ್ಟಾರ್ಟರ್ ಪೆಟ್ಟಿಗೆಗೆ ಇನ್ನೊಂದು ತೆಳ್ಳನೆಯ ತಂತಿಯೂ ಬಂದು ಸೇರಿರುತ್ತದೆ. ನೀರಿನ ಟಾಕಿಯಲ್ಲಿ ತೇಲುವ ಫ್ಲೋಟ್ ಸ್ವಿಚ್ಚಿನಿಂದ ಬರುವ ತಂತಿ ಅದು. ಟಾಕಿ ತುಂಬಿತು, ಮೋಟಾರು ನಿಲ್ಲಲಿ ಎಂದು ತಿಳಿಸುವುದಷ್ಟೇ ಅದರ ಕೆಲಸ. ಹಿಟ್ಟಿನ ಗಿರಣಿಯ ತುರ್ತು ನಿಲುಗಡೆಯ ಗುಂಡಿಗೂ, ಲೇಥಿನ ಸ್ವಿಚ್ಚುಗಳಿಗೂ ಇಂಥದೇ ತಂತಿ ಇರುತ್ತದೆ. ವರ್ಕ್‌ಶಾಪಿನವರು ಇದಕ್ಕೆ ಸಿಗ್ನಲ್ ಕೇಬಲ್ ಅಥವಾ ಕಂಟ್ರೋಲ್ ಕೇಬಲ್ ಎನ್ನುತ್ತಾರೆ. ನಾವು ಸೂಚನಾ ತಂತಿ ಎನ್ನೋಣ.

ತೆಳ್ಳಗಿದೆ, ಸೂಚನೆಯನ್ನಷ್ಟೇ ಒಯ್ಯುತ್ತದೆ ಎಂದು ಇದನ್ನು ಬೇಲಿಯ ಮೇಲೆ, ಬದುವಿನ ಹುಲ್ಲಿನಲ್ಲಿ, ಟಾಕಿಯ ಅಂಚಿನಲ್ಲಿ ಹೇಗೆಂದರೆ ಹಾಗೆ ಎಳೆದುಬಿಡುವುದು ರೂಢಿಯಾಗಿದೆ. ಅಪಾಯವಿರುವುದು ಇಲ್ಲಿಯೇ. ಮೂರು ಫೇಸಿನ ಪಂಪಿನ ಸ್ಟಾರ್ಟರುಗಳಲ್ಲಿ ಅನೇಕವುಗಳ ಒಳಗಿನ ಕಾಯಿಲ್ 415 ವೋಲ್ಟಿನದು. ಫ್ಲೋಟ್ ಸ್ವಿಚ್ಚಿನ ತಂತಿಯನ್ನು ಈ ಕಾಯಿಲಿನ ಸಾಲಿನಲ್ಲಿಯೇ ನೇರವಾಗಿ ಸೇರಿಸಿದರೆ ಎರಡು ಫೇಸುಗಳ ನಡುವಿನ ಪೂರ್ಣ ವೋಲ್ಟೇಜು ಆ ತೆಳು ತಂತಿಯಲ್ಲಿ ಟಾಕಿಯ ತನಕ ಹೋಗಿ ನಿಲ್ಲುತ್ತದೆ. ಮೋಟಾರಿಗೆ ಹೋಗುವ ದಪ್ಪ ಕೇಬಲ್ಲಿನಷ್ಟೇ ಇದೂ ಪ್ರಾಣಕ್ಕೆ ಎರವಾಗಬಲ್ಲದು. ಮೋಟಾರು ನಿಂತಿದ್ದರೂ ಮೇನ್ ಸ್ವಿಚ್ಚು ಹಾಕಿರುವ ತನಕ ಇದರಲ್ಲಿ ಕರೆಂಟು ಇರಬಹುದು. ಹೊಲಗಳಿಗೆ ಮೂರು ಫೇಸು ಪಾಳಿಯ ಮೇಲೆ ಬರುವುದರಿಂದ, ಮಧ್ಯಾಹ್ನ ಸತ್ತಿದ್ದ ತಂತಿ ಸಂಜೆ ಯಾರಿಗೂ ಹೇಳದೆ ಜೀವ ತಾಳುತ್ತದೆ. ಆ ಟಾಕಿಯಲ್ಲಿ ಎಮ್ಮೆ ನೀರು ಕುಡಿಯುತ್ತಿರಬಹುದು, ಮನೆಯ ಹೆಣ್ಣುಮಕ್ಕಳು ಕೊಡ ಅದ್ದುತ್ತಿರಬಹುದು.

ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿಯ ಕಡೆ ಮಳೆಗಾಲ ಹೇಗಿರುತ್ತದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಜೂನ್ ತಿಂಗಳಿನಿಂದ ನೆಲ ಒಣಗುವುದೇ ಇಲ್ಲ. ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಹೆಗ್ಗಣ ಕಡಿದರೆ, ಹುಲ್ಲು ಕೊಯ್ಯುವ ಕುಡುಗೋಲು ತಾಗಿದರೆ, ಕರೆಂಟು ಹಸಿ ನೆಲಕ್ಕೆ ಇಳಿಯುತ್ತದೆ. ಆಗ ಫ್ಯೂಸು ಹಾರುತ್ತದೆಂದು ನಂಬಬೇಡಿರಿ. ಮಣ್ಣಿನ ತಡೆ ಹೆಚ್ಚಾಗಿರುವುದರಿಂದ ಫ್ಯೂಸು ಸುಡುವಷ್ಟು ಕರೆಂಟು ಹರಿಯದೆ, ಮನುಷ್ಯನನ್ನು ಕೊಲ್ಲುವಷ್ಟು ಮಾತ್ರ ಹರಿಯುತ್ತಿರಬಹುದು. ಮನುಷ್ಯನಿಗೆ ಅಪಾಯವಾಗಲು ಒಂದು ಆಂಪಿಯರಿನ ಇಪ್ಪತ್ತನೆಯ ಒಂದು ಪಾಲೂ ಸಾಕು.

ಇನ್ನು ಮೋಟಾರಿನ ಮಾತು. ಸೂಚನಾ ತಂತಿ ಕಡಿದು ಹೋದರೆ ಮೋಟಾರು ನಿಲ್ಲಬೇಕು. ಸರಿಯಾದ ಜೋಡಣೆಯ ಲಕ್ಷಣ ಅದು. ಟಾಕಿ ಖಾಲಿಯಿದ್ದಾಗ ಫ್ಲೋಟ್ ಸ್ವಿಚ್ಚಿನ ಸಂಪರ್ಕ ಕೂಡಿಕೊಂಡಿದ್ದು, ತುಂಬಿದಾಗ ಬಿಡುವಂತೆ ಜೋಡಿಸಿದ್ದರೆ ಹಾಗೆಯೇ ಆಗುತ್ತದೆ. ಆದರೆ ತಂತಿ ಕಡಿಯದೆ ಜಜ್ಜಿಹೋಗಿ, ಒಳಗಿನ ಎರಡು ತಾಮ್ರದ ಎಳೆಗಳು ಒಂದಕ್ಕೊಂದು ತಾಗಿದರೆ, ಟಾಕಿ ಇನ್ನೂ ತುಂಬಿಲ್ಲ ಎಂದೇ ಸ್ಟಾರ್ಟರ್ ತಿಳಿಯುತ್ತದೆ. ಟಾಕಿ ಉಕ್ಕಿ ಗದ್ದೆಗೆ ಹರಿಯುತ್ತದೆ, ಬಾವಿ ಬತ್ತುತ್ತದೆ, ಒಣಗಿ ಓಡಿದ ಪಂಪು ಹಾಳಾಗುತ್ತದೆ. ತಂತಿ ಕಡಿಯುವುದಕ್ಕಿಂತ ಜಜ್ಜುವುದು ಕೆಟ್ಟದ್ದು. ಕವಚ ಬೇಕಾಗುವುದು ಮುಖ್ಯವಾಗಿ ಇದಕ್ಕಾಗಿಯೇ.

ಕವಚಕ್ಕಿಂತ ಮೊದಲು ಮಾಡಿಸಬೇಕಾದ ಕೆಲಸ ಒಂದುಂಟು. ಪರವಾನಗಿ ಇರುವ ವಾಯರ್‌ಮನ್‌ನನ್ನು ಕರೆಸಿ, ಸೂಚನಾ ತಂತಿಯ ವೋಲ್ಟೇಜನ್ನು 24ಕ್ಕೆ ಇಳಿಸಿರಿ. ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್, ಒಂದು ಸಣ್ಣ ರಿಲೇ ಕೂಡಿಸಿದರೆ ಆಯಿತು. ಟಾಕಿಯ ತಂತಿ ರಿಲೇಗೆ ಸೂಚನೆ ಕೊಡುತ್ತದೆ, ರಿಲೇ 415 ವೋಲ್ಟಿನ ಕಾಯಿಲನ್ನು ಪೆಟ್ಟಿಗೆಯ ಒಳಗೇ ಆಳುತ್ತದೆ. ಟ್ರಾನ್ಸ್‌ಫಾರ್ಮರ್ ಮಾತ್ರ ಎರಡು ಸುತ್ತುಗಳೂ ಬೇರೆ ಬೇರೆಯಾಗಿರುವಂಥದು ಇರಲಿ. ಒಂದೇ ಸುತ್ತಿನ ಆಟೋ ಟ್ರಾನ್ಸ್‌ಫಾರ್ಮರ್ ಈ ಕೆಲಸಕ್ಕೆ ಸಲ್ಲದು.

ರಿಲೇ ಯಾಕೆ, 24 ವೋಲ್ಟಿನ ಕಾಯಿಲನ್ನೇ ನೇರ ಕೂಡಿಸಬಾರದೇ ಎಂದು ಕೆಲವರು ಕೇಳಬಹುದು. ಲೆಕ್ಕ ನೋಡೋಣ. ಟಾಕಿ 300 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವ ತಂತಿ 600 ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಅಷ್ಟು ದೂರಕ್ಕೆ ಸುಮಾರು 8 ಓಮ್ ತಡೆ. ರಿಲೇ ಎಳೆಯುವುದು ಹೆಚ್ಚೆಂದರೆ ಆಂಪಿಯರಿನ ಹತ್ತನೆಯ ಒಂದು ಪಾಲು. ದಾರಿಯಲ್ಲಿ ಒಂದು ವೋಲ್ಟೂ ಕಳೆಯುವುದಿಲ್ಲ. ದೊಡ್ಡ ಕಾಯಿಲಾದರೋ ಕೂಡಿಕೊಳ್ಳುವ ಕ್ಷಣದಲ್ಲಿ ಎರಡು ಮೂರು ಆಂಪಿಯರ್ ಬೇಡುತ್ತದೆ. ಇದ್ದ 24 ವೋಲ್ಟೂ ಬಹುಪಾಲು ದಾರಿಯಲ್ಲೇ ಹೋಗಿ, ಕಾಯಿಲು ಗುರ್ ಎಂದು ಸದ್ದು ಮಾಡುತ್ತ ಕೂತಲ್ಲೇ ಸುಡುತ್ತದೆ.

ಈಗ ಕವಚಕ್ಕೆ ಬರೋಣ. ಬೆಳಗಾವಿಯಿಂದ ಖಾನಾಪುರದ ರಸ್ತೆಯಲ್ಲಿ ಬಂದರೆ ಉದ್ಯಮಬಾಗ, ಅದರ ಮುಂದೆ ಮಚ್ಛೆ. ಎರಕದ ಕಾರ್ಖಾನೆಗಳೂ ಲೇಥುಗಳೂ ಸಾಲಾಗಿರುವ ಪ್ರದೇಶ. ನಿಮ್ಮ ಊರಿನ ಹುಡುಗರು ಯಾರಾದರೂ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದರೆ ಅವರನ್ನೇ ಕೇಳಿರಿ. ಲೇಥಿನ ಕೆಲಸ ತಂತಿಗೆ ನಮ್ಮ ಹೊಲಕ್ಕಿಂತಲೂ ಕಠಿಣ. ಉಕ್ಕಿನ ಬಿಸಿ ಸಿಪ್ಪೆ ಮೇಲೆ ಬೀಳುತ್ತದೆ, ಎಣ್ಣೆ ಬೆರೆತ ನೀರು ಸದಾ ಸಿಡಿಯುತ್ತದೆ. ಯಂತ್ರದ ಮೇಜು ಹಿಂದೆ ಮುಂದೆ ಓಡುವಾಗ ತಂತಿಯೂ ದಿನಕ್ಕೆ ಸಾವಿರ ಸಲ ಬಳುಕಬೇಕು. ಅಲ್ಲಿ ತಾಳುವ ತಂತಿ ಹೊಲದ ಕೊಟ್ಟಿಗೆಯಲ್ಲಿಯೂ ತಾಳುತ್ತದೆ.

ಆದರೆ ಪೇಟೆಗೆ ಹೋಗಿ ಬರಿದೇ ಆರ್ಮರ್ಡ್ ಕೇಬಲ್ ಕೊಡಿ ಎಂದರೆ ಅಂಗಡಿಯವರು ನೆಲದಲ್ಲಿ ಹೂಳುವ ಬಿರುಸಾದ ಕೇಬಲ್ಲನ್ನು ತೋರಿಸುತ್ತಾರೆ. ಸತು ಬಳಿದ ಉಕ್ಕಿನ ತಂತಿ ಅಥವಾ ಪಟ್ಟಿಯನ್ನು ಸುತ್ತಿ, ಮೇಲೆ ಕಪ್ಪು ಪಿವಿಸಿ ಹೊದಿಸಿದ್ದು ಅದು. ಐಎಸ್ 1554 ಎಂಬ ಸಂಖ್ಯೆ ಮೇಲೆ ಮುದ್ರಿತವಾಗಿರುತ್ತದೆ. ಬಹಳ ಗಟ್ಟಿಮುಟ್ಟಾದ ಸಾಮಾನು, ಸಂಶಯವಿಲ್ಲ. ಆದರೆ ಅದನ್ನು ತನ್ನ ದಪ್ಪದ 12 ಪಟ್ಟಿಗಿಂತ ಕಿರಿದಾದ ತ್ರಿಜ್ಯದಲ್ಲಿ ಬಗ್ಗಿಸಬಾರದು. 15 ಮಿಲಿಮೀಟರ್ ದಪ್ಪದ ಕೇಬಲ್ಲಿಗೆ 18 ಸೆಂಟಿಮೀಟರ್ ತ್ರಿಜ್ಯ, ಅಂದರೆ ಮೊರದ ಅಂಚಿನಷ್ಟು ಅಗಲವಾದ ತಿರುವು ಬೇಕು. ನಡುಗುವ ಗಿರಣಿಗೆ, ಓಡಾಡುವ ಮೇಜಿಗೆ ಅದನ್ನು ಕಟ್ಟಿದರೆ ಕೆಲವೇ ತಿಂಗಳಲ್ಲಿ ಒಳಗಿನ ತಾಮ್ರವೇ ಮುರಿದೀತು.

ಬಳುಕುವ ಕವಚದ ಕೇಬಲ್ಲೆಂದರೆ ಬೇರೆ. ಅದರ ಒಳಗಿನ ತಾಮ್ರ ಕೂದಲಿನಂಥ ಸಣ್ಣ ಎಳೆಗಳದು. ಕವಚವೂ ಸುತ್ತಿದ ಪಟ್ಟಿಯಲ್ಲ, ಸಣ್ಣ ಉಕ್ಕಿನ ತಂತಿಗಳ ಹೆಣಿಗೆ. ಹೊರಗಿನ ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ಈ ಹೆಣಿಗೆ ಹೊಳೆಯುತ್ತ ಕಾಣುತ್ತದೆ. ವ್ಯಾಪಾರದಲ್ಲಿ ಇದರ ಹೆಸರು ಎಸ್‌ವೈ. ಇದರ ತಮ್ಮನಂತೆ ಕಾಣುವ ಸಿವೈ ಎಂಬುದೂ ಉಂಟು. ಅದರ ಹೆಣಿಗೆ ತವರ ಬಳಿದ ತಾಮ್ರದ್ದು. ಅದು ಕವಚವಲ್ಲ. ಪಕ್ಕದ ಮೋಟಾರು, ಡ್ರೈವ್‌ಗಳಿಂದ ಸೂಚನೆಯಲ್ಲಿ ಗೊಂದಲ ಹುಟ್ಟದಿರಲೆಂದು ಹಾಕಿದ ಮರೆ ಮಾತ್ರ. ಹೆಗ್ಗಣದ ಹಲ್ಲಿಗೆ ಅದು ಲೆಕ್ಕವಿಲ್ಲ. ಎರಡನ್ನೂ ಒಂದೇ ಎಂದು ಮಾರುವವರಿದ್ದಾರೆ, ಹೆಣಿಗೆ ಯಾವುದರದೆಂದು ಖಚಿತಪಡಿಸಿಕೊಳ್ಳಿರಿ.

ಎಸ್‌ವೈ ಕೇಬಲ್ಲು ಖಾನಾಪುರದ ಮನೆ ವಾಯರಿಂಗಿನ ಅಂಗಡಿಯಲ್ಲಿ ಸಿಗುವ ಭರವಸೆ ಕಡಿಮೆ. ಕಾರ್ಖಾನೆಗಳಿಗೆ ಸಾಮಾನು ಪೂರೈಸುವ ಬೆಳಗಾವಿಯ ಅಂಗಡಿಗಳಲ್ಲಿ ವಿಚಾರಿಸಬೇಕು. ಅಲ್ಲಿಯೂ 100 ಮೀಟರಿನ ಸುರುಳಿಯನ್ನೇ ಕೊಳ್ಳಿ ಎನ್ನಬಹುದು. ನಿಮಗೆ ಬೇಕಾದದ್ದು ಐದಾರು ಮೀಟರ್! ಹಾಗಾದಾಗ ಬೇಸರಪಟ್ಟು ಬರಿಯ ತಂತಿ ತರಬೇಡಿರಿ. ಎರಡು ಸಾಮಾನುಗಳನ್ನು ಬೇರೆ ಬೇರೆಯಾಗಿ ಕೊಂಡು ಕೂಡಿಸಿದರೆ ಅದೇ ಕೆಲಸವಾಗುತ್ತದೆ. ಐಎಸ್ 694 ಮುದ್ರೆಯ, ಐಎಸ್‌ಐ ಗುರುತಿನ, ಬಳುಕುವ ಬಹುತಂತಿಯ ಕೇಬಲ್ಲು ಒಂದು. ಅದರ ಮೇಲೆ ತೊಡಿಸಲು ಪಿವಿಸಿ ಹೊದಿಸಿದ ಉಕ್ಕಿನ ಫ್ಲೆಕ್ಸಿಬಲ್ ಪೈಪು ಇನ್ನೊಂದು. ಈ ಪೈಪನ್ನು ಮೀಟರಿನ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹಳ್ಳಿಯ ಕೆಲಸಕ್ಕೆ ಇದೇ ಮೇಲು. ತಂತಿ ಕೆಟ್ಟರೆ ಪೈಪು ಉಳಿಯುತ್ತದೆ, ಹೊಸ ತಂತಿ ಎಳೆದುಕೊಂಡರಾಯಿತು. ಲೇಥಿನಂಥ ಎಣ್ಣೆಯ ಜಾಗಕ್ಕಾದರೆ ಪಾಲಿಯುರೆಥೇನ್ ಹೊದಿಕೆಯ ಕೇಬಲ್ಲನ್ನೇ ಕೇಳಿರಿ, ಸಾದಾ ಪಿವಿಸಿ ಎಣ್ಣೆಯಲ್ಲಿ ನೆನೆದು ಕೆಲವು ಕಾಲದಲ್ಲಿ ಬಿರುಸಾಗಿ ಸೀಳುತ್ತದೆ.

ಸ್ನಾನದ ಮನೆಯ ಷವರಿನ ಹೊಳೆಯುವ ಸ್ಟೀಲ್ ಕೊಳವೆಯಲ್ಲಿ ತಂತಿ ತೂರಿಸುವ ಜಾಣರೂ ಇದ್ದಾರೆ. 24 ವೋಲ್ಟಿನ ಒಂದೂವರೆ ಮೀಟರ್ ತಂತಿಗೆ ಅದು ನಡೆದೀತು. 415 ವೋಲ್ಟಿಗೆ ಮಾತ್ರ ಎಂದಿಗೂ ಬೇಡ.

ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ: ಒಳತಂತಿ ಎಷ್ಟು, ಎಷ್ಟು ಚದರ ಮಿಲಿಮೀಟರಿನದು, ಎಷ್ಟು ಉದ್ದ, ಎಲ್ಲಿ ಬಳುಕಬೇಕು. ಫ್ಲೋಟ್ ಸ್ವಿಚ್ಚಿಗೆ ಎರಡು ಸೂಚನಾ ತಂತಿ, ಒಂದು ಅರ್ಥಿಂಗ್ ತಂತಿ, ಹೀಗೆ ಮೂರು ಸಾಕು. ಕೇಬಲ್ಲಿನ ಹೊರದಪ್ಪವನ್ನು ಅಂಗಡಿಯಲ್ಲಿಯೇ ಅಳೆಯಿಸಿ, ಅದಕ್ಕೆ ಸರಿಹೊಂದುವ ಗ್ಲ್ಯಾಂಡುಗಳನ್ನು ಅಲ್ಲಿಯೇ ಕೊಂಡುಬಿಡಿರಿ. ಅವುಗಳಿಗಾಗಿ ಇನ್ನೊಮ್ಮೆ ಬಸ್ಸು ಹತ್ತುವುದು ತಪ್ಪುತ್ತದೆ.

ಟಾಕಿ ದೂರವಿದ್ದವರು ಇಡೀ ದಾರಿಗೆ ಬಳುಕುವ ಕೇಬಲ್ಲು ಹಾಕುವುದು ದುಂದು. ಅದು ಹೂಳಲು ಮಾಡಿದ್ದೂ ಅಲ್ಲ. ನೆಲದಲ್ಲಿ ಬಿರುಸು ಕವಚದ ಕೇಬಲ್ಲೇ ಇರಲಿ. ನೇಗಿಲು, ಟ್ರ್ಯಾಕ್ಟರುಗಳಿಗೆ ಸಿಗದಂತೆ 75 ಸೆಂಟಿಮೀಟರ್ ಆಳದ ಕಾಲುವೆ ತೋಡಿ, ಕೆಳಗೆ ಮೇಲೆ ಉಸುಕು ಹಾಕಿ, ಮೇಲೊಂದು ಸಾಲು ಇಟ್ಟಿಗೆ ಹಾಸಿ ಮುಚ್ಚಿರಿ. ಟಾಕಿಯ ಗೋಡೆಯ ಮೇಲೆ, ನೀರು ತಾಗದ ಎತ್ತರದಲ್ಲಿ, ಒಂದು ಜಂಕ್ಷನ್ ಪೆಟ್ಟಿಗೆ ಕೂಡಿಸಿ, ಅಲ್ಲಿಂದ ಟಾಕಿಯ ಬಾಯಿಯವರೆಗಿನ ಒಂದೆರಡು ಮೀಟರಿಗೆ ಮಾತ್ರ ಬಳುಕುವ ಕವಚ ಸಾಕು. ಪೆಟ್ಟಿಗೆಗೆ ತಂತಿಗಳು ಕೆಳಗಿನಿಂದ ಒಳಹೋಗಲಿ. ಮೇಲಿನಿಂದ ಹೋದರೆ ಮಳೆಯ ನೀರು ತಂತಿಯನ್ನೇ ದಾರಿ ಮಾಡಿಕೊಂಡು ಒಳಗೆ ಇಳಿಯುತ್ತದೆ.

ಉಕ್ಕಿನ ಕವಚಕ್ಕೆ ಅರ್ಥಿಂಗ್ ಕೊಡದೆ ಬಿಡುವುದು ಕವಚವೇ ಇಲ್ಲದಿರುವುದಕ್ಕಿಂತ ಅಪಾಯ. ಒಳಗೆ ಒಂದು ಫೇಸು ತಾಗಿದರೆ ಉದ್ದಕ್ಕೂ ಕವಚವೇ ಕರೆಂಟಾಗಿ ನಿಲ್ಲುತ್ತದೆ. ಆದ್ದರಿಂದ ಗ್ಲ್ಯಾಂಡಿನಲ್ಲಿ ಕವಚ ಬಿಗಿಯಾಗಿ ಕೂತಿರಬೇಕು, ಪೆಟ್ಟಿಗೆಗೂ ಕವಚಕ್ಕೂ ಅರ್ಥಿಂಗ್ ತಂತಿ ಸೇರಿರಬೇಕು. ಫ್ಲೆಕ್ಸಿಬಲ್ ಪೈಪನ್ನೇ ಅರ್ಥಿಂಗ್ ದಾರಿಯೆಂದು ನಂಬಬಾರದು, ಅದರ ಸುರುಳಿಗಳ ನಡುವೆ ತುಕ್ಕು ಸೇರಿಕೊಳ್ಳುತ್ತದೆ. ಹಸಿರು ಹಳದಿ ತಂತಿಯೊಂದು ಒಳಗೇ ಹಾಯ್ದಿರಲಿ. 30 ಮಿಲಿ ಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚನ್ನೂ ಸೂಚನಾ ತಂತಿಯ ಸಾಲಿಗೆ ಹಾಕಿಸಲು ಸಾಧ್ಯವೇ ಎಂದು ವಾಯರ್‌ಮನ್‌ನನ್ನು ಕೇಳಿರಿ.

ಕೆಲಸ ಮುಗಿದ ಮೇಲೆ ಅವನು ಹೊರಡುವ ಮುನ್ನ ಎರಡು ಪರೀಕ್ಷೆ ಮಾಡಿಸಿರಿ. ಮೋಟಾರು ಓಡುತ್ತಿರುವಾಗ ಫ್ಲೋಟನ್ನು ಕೋಲಿನಿಂದ ಮೇಲೆತ್ತಿಸಿ, ಮೋಟಾರು ನಿಲ್ಲುತ್ತದೆಯೇ ನೋಡಿರಿ. ಆಮೇಲೆ ಮೇನ್ ಸ್ವಿಚ್ಚು ತೆಗೆಸಿ, ಸೂಚನಾ ತಂತಿಯ ಒಂದು ತುದಿಯನ್ನು ಬಿಚ್ಚಿಸಿ, ಪುನಃ ಸ್ವಿಚ್ಚು ಹಾಕಿಸಿರಿ. ಆಗ ಮೋಟಾರು ಹೊರಡಕೂಡದು. ಹೊರಟರೆ ಜೋಡಣೆ ತಲೆಕೆಳಗಾಗಿದೆ, ಅಂದೇ ಸರಿಪಡಿಸಿಕೊಳ್ಳಬೇಕು. ಪ್ರತಿ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಇದನ್ನೇ ಇನ್ನೊಮ್ಮೆ ಮಾಡಿಸಿರಿ.