ಕೆಲಸಕ್ಕೆ ತಕ್ಕ ಮುಂದಾಳುತನ: ಅಡಿಕೆ ತೋಟ ಮತ್ತು ಭತ್ತದ ಗದ್ದೆಯಲ್ಲಿ ಕೆಲಸಗಾರರ ತಂಡದ ನಿರ್ವಹಣೆ

ಬೇಸಾಯದ ಯಾವುದೇ ಶಿಫಾರಸು ಹೊಲಕ್ಕೆ ಇಳಿಯುವುದು ಕೆಲಸಗಾರರ ಕೈಗಳ ಮೂಲಕ. ನಿರೀಕ್ಷಿತ ಫಲ ದೊರೆಯದಿದ್ದಾಗ ತಳಿ, ಗೊಬ್ಬರ, ಔಷಧಿಗಳನ್ನು ಪರಿಶೀಲಿಸುತ್ತೇವೆ. ಕೆಲಸವನ್ನು ಯಾರಿಗೆ, ಯಾವ ರೀತಿಯಲ್ಲಿ ಹೇಳಿ ಮಾಡಿಸಲಾಯಿತು ಎಂದು ವಿಚಾರಿಸುವುದು ವಿರಳ. ಆಳುಗಳ ಕೊರತೆ ತೀವ್ರವಾಗಿರುವ ಇಂದು ಈ ಪ್ರಶ್ನೆಯನ್ನು ಕಡೆಗಣಿಸುವಂತಿಲ್ಲ.

ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು 1969ರಲ್ಲಿ ಮಂಡಿಸಿದ ವಿಚಾರವೊಂದು ಇಲ್ಲಿ ಉಪಯುಕ್ತ. ಮುಂದಾಳಿನ ಒಂದೇ ಶೈಲಿ ಎಲ್ಲ ಸಂದರ್ಭಗಳಿಗೂ ಸಲ್ಲದು; ನಿರ್ದಿಷ್ಟ ಕೆಲಸದಲ್ಲಿ ಕೆಲಸಗಾರನಿಗಿರುವ ಕೌಶಲ ಮತ್ತು ಮನಸ್ಸನ್ನು ನೋಡಿಕೊಂಡು ವಿಧಿಸಿ ಹೇಳುವುದು, ಕಾರಣ ತಿಳಿಸಿ ಒಪ್ಪಿಸುವುದು, ಕೂಡಿ ನಿರ್ಧರಿಸುವುದು ಅಥವಾ ಹೊಣೆಯನ್ನೇ ಬಿಟ್ಟುಕೊಡುವುದು ಎಂಬ ನಾಲ್ಕು ಬಗೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂಬುದು ಅದರ ಸಾರ. ಈ ಸಿದ್ಧಾಂತದ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಆದರೂ ಅದು ಕೇಳುವ ಪ್ರಶ್ನೆ ಸರಿಯಾದುದು. "ಇವನು ಒಳ್ಳೆಯ ಆಳೇ?" ಎಂದಲ್ಲ, "ಈ ಕೆಲಸ ಇವನಿಗೆ ಎಷ್ಟು ಗೊತ್ತು?" ಎಂದು ಕೇಳಬೇಕು.

ಮಲೆನಾಡಿನ ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಕೊಳೆ ರೋಗದ ಹತೋಟಿಗೆ ಮುಂಗಾರಿನ ಆರಂಭಕ್ಕೆ ಮುನ್ನ ಒಮ್ಮೆ, ಅನಂತರ 40–45 ದಿನಗಳಿಗೆ ಮತ್ತೊಮ್ಮೆ ಶೇ. 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತೀರಿ. ದ್ರಾವಣ ತಯಾರಿಕೆಯಲ್ಲಿ ಚರ್ಚೆಗೆ ಎಡೆಯಿಲ್ಲ. 100 ಲೀಟರ್ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಎರಡನ್ನೂ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣದ ನೀರನ್ನು ಅದಕ್ಕೆ ಸುರಿಯಬಾರದು. ಉಜ್ಜಿ ಶುಚಿಗೊಳಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿದಾಗ ಅಲಗು ಕೆಂಪಗಾದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಹೊಸ ಆಳಿಗೆ ಇದನ್ನು ಎದುರು ನಿಂತು ಮಾಡಿ ತೋರಿಸಿ, ಅವನ ಕೈಯಿಂದ ಮಾಡಿಸಿ, ಚಾಕುವಿನ ಪರೀಕ್ಷೆಯನ್ನು ನೀವೇ ನೋಡಿ. "ನಿನಗೆ ತಿಳಿದಂತೆ ಮಾಡು" ಎಂಬ ಸೌಜನ್ಯಕ್ಕೆ ಇಲ್ಲಿ ಬೆಲೆ ತೆರಬೇಕಾದೀತು.

ಅದೇ ತೋಟದಲ್ಲಿ ಮರವೇರುವ ಕೊನೆಗಾರನ ವಿಷಯ ಬೇರೆ. ಯಾವ ಮರ ಹತ್ತಲು ಯೋಗ್ಯ, ಯಾವುದು ಒಳಗೆ ಟೊಳ್ಳಾಗಿದೆ, ಮಳೆ ನಿಂತ ಎಷ್ಟು ಹೊತ್ತಿನ ಮೇಲೆ ಕಾಲು ನಿಲ್ಲುತ್ತದೆ ಎಂಬುದು ಅವನಿಗೆ ತೋಟದ ಒಡೆಯನಿಗಿಂತ ಚೆನ್ನಾಗಿ ಗೊತ್ತು. ಕೆಳಗೆ ನಿಂತು ಅವಸರಪಡಿಸುವುದು ಮುಂದಾಳುತನವಲ್ಲ, ಅಪಾಯಕ್ಕೆ ಆಹ್ವಾನ. ಇಂದು ಹತ್ತುವುದು ಬೇಡವೆಂದು ಅವನು ಹೇಳಿದರೆ ಮಾತು ಅಲ್ಲಿಗೆ ಮುಗಿಯಬೇಕು. ಆ ದಿನದ ಕೂಲಿ ಹೋಗುತ್ತದೆಂಬ ಭಯದಿಂದ ಅವನು ಹತ್ತುವಂತಾಗದಿರಲು ಬೇರೆ ಕೆಲಸವೊಂದನ್ನು ಮೊದಲೇ ಯೋಚಿಸಿಟ್ಟಿರಿ.

ಇನ್ನು ನುರಿತ ಇದೇ ಕೊನೆಗಾರನ ಕೈಗೆ ಕಾರ್ಬನ್ ಫೈಬರ್ ದೋಟಿಯನ್ನು ಕೊಟ್ಟಿರೆಂದುಕೊಳ್ಳಿ. ಮರವೇರುವುದರಲ್ಲಿ ನಿಪುಣನಾದವನು ನೆಲದಲ್ಲಿ ನಿಂತು ದೋಟಿ ಹಿಡಿಯುವುದರಲ್ಲಿ ಹೊಸಬ. ಮೊದಲ ಕೆಲವು ದಿನ ಕತ್ತು ನೋಯುತ್ತದೆ, ಗುರಿ ತಪ್ಪುತ್ತದೆ, ಉತ್ಸಾಹ ಕುಗ್ಗುತ್ತದೆ. ಅನುಭವಿ ಎಂದು ಸುಮ್ಮನೆ ಬಿಟ್ಟರೆ ದೋಟಿ ಮೂಲೆ ಸೇರುತ್ತದೆ. ಕಲಿಕೆಗೆ ಗಿಡ್ಡ ಮರಗಳನ್ನು ಆರಿಸಿ. ಕಲಿಯುವ ದಿನಗಳಿಗೆ ಕೊನೆಯ ಲೆಕ್ಕ ಬಿಟ್ಟು ದಿನಗೂಲಿ ಕೊಡಿ. ಕಾರ್ಬನ್ ಫೈಬರ್ ವಿದ್ಯುತ್ ಹರಿಯಲು ಬಿಡುವ ವಸ್ತು. ಆದ್ದರಿಂದ ತಂತಿ ಹಾದುಹೋಗುವ ಜಾಗದಲ್ಲಿ ದೋಟಿ ಎತ್ತಬಾರದೆಂಬುದನ್ನು ಸಲಹೆಯಾಗಿ ಅಲ್ಲ, ಆಜ್ಞೆಯಾಗಿಯೇ ಹೇಳಿ.

ಭತ್ತದ ನಾಟಿಯಲ್ಲಿ ಸಮಸ್ಯೆ ಕೌಶಲದ್ದಲ್ಲ. ಗುತ್ತಿಗೆಗೆ ಬರುವ ಹೆಣ್ಣಾಳುಗಳ ತಂಡಕ್ಕೆ ನಾಟಿ ಚೆನ್ನಾಗಿಯೇ ಗೊತ್ತು. ಎಕರೆಗಿಷ್ಟು ಎಂದು ಹಣ ನಿಗದಿಯಾಗಿರುವುದರಿಂದ ಅಂತರ ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತದೆ. 20 × 10 ಸೆಂ.ಮೀ. ಅಂತರದಲ್ಲಿ ಚದರ ಮೀಟರಿಗೆ 50 ಗುಣಿಗಳು ಇರಬೇಕು. ಅಂತರ ಎರಡೂ ಕಡೆ 20 ಸೆಂ.ಮೀ. ಆದರೆ ಉಳಿಯುವುದು 25 ಮಾತ್ರ. ಬದುವಿನ ಮೇಲೆ ನಿಂತು ಕೂಗಿದರೆ ಇದು ಸರಿಹೋಗದು. ದರ ಮಾತಾಡುವಾಗಲೇ ಮೇಸ್ತ್ರಿಯೊಂದಿಗೆ ಕುಳಿತು ಗುಣಿಗಳ ಸಂಖ್ಯೆ, ಅಳೆಯುವ ವಿಧಾನ, ಒತ್ತು ನಾಟಿಗೆ ಕೊಡುವ ಹೆಚ್ಚುವರಿ ಹಣ ಇವನ್ನು ನಿರ್ಧರಿಸಿ. ಒಂದು ಮೀಟರ್ ಚೌಕಟ್ಟನ್ನು ನಾಟಿ ಆರಂಭವಾದ ಅರ್ಧ ಗಂಟೆಯೊಳಗೆ ಗದ್ದೆಯಲ್ಲಿಟ್ಟು ಮೇಸ್ತ್ರಿಯಿಂದಲೇ ಎಣಿಸಿ. ಲೋಪವಿದ್ದರೆ ಅವರಿಗೇ ತಿಳಿಸಿ. ತಂಡದೊಳಗಿನ ಮಾತನ್ನು ಅವರು ಆಡಿಕೊಳ್ಳಲಿ. ಒಬ್ಬೊಬ್ಬ ಹೆಂಗಸನ್ನೂ ನೀವೇ ತಿದ್ದಲು ಹೋದರೆ ಮೇಸ್ತ್ರಿಯ ಮಾತಿಗೆ ಬೆಲೆ ಇಲ್ಲದಂತಾಗಿ, ಮುಂದಿನ ಹಂಗಾಮಿಗೆ ತಂಡ ನಿಮ್ಮ ಗದ್ದೆಗೆ ಬರುವುದು ಕೊನೆಯ ಪಾಳಿಯಲ್ಲಿ.

ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆಗೆ ರೈತರನ್ನಷ್ಟೇ ಕರೆಯುವ ರೂಢಿಯಿದೆ. ದ್ರಾವಣ ಬೆರೆಸುವವರು, ದೋಟಿ ಹಿಡಿಯುವವರು, ನಾಟಿಯ ಮೇಸ್ತ್ರಿ ಇವರನ್ನೂ ಆ ದಿನದ ಕೂಲಿ ನಷ್ಟವಾಗದ ವ್ಯವಸ್ಥೆಯೊಂದಿಗೆ ಕರೆಯಿರಿ. ನಾಟಿಯ ತಂಡಗಳಿಗಾದರೆ ಸಸಿಮಡಿ ಸಿದ್ಧವಾಗುತ್ತಿರುವ ವಾರವೇ ಸೂಕ್ತ. ನಾಟಿ ಆರಂಭವಾದ ಮೇಲೆ ಅವರು ಯಾರಿಗೂ ಸಿಗುವುದಿಲ್ಲ.