ಮೂಗಿಗೆ ಸಿಗದ ಗ್ಯಾಸು

ಮಳೆ ಹಿಡಿದಿದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಛತ್ರಿಗಳದ್ದೇ ಮೆರವಣಿಗೆ. ಮೊನ್ನೆ ಸಂಜೆ ನೆನೆಯುತ್ತ ನಿಲ್ಲುವುದೇಕೆಂದು ಪರಿಚಯದ ಕಿರಾಣಿ ಸಾಹುಕಾರರೊಬ್ಬರ ಅಂಗಡಿ ಮೆಟ್ಟಿಲು ಹತ್ತಿದೆ. ಸಾಹುಕಾರರು ಖುಷಿಯಲ್ಲಿದ್ದರು.

"ಮನೆಗೆ ಗ್ಯಾಸ್ ಗೀಸರ್ ಹಾಕಿಸ್ದೆ ಸ್ವಾಮಿ. ನಲ್ಲಿ ತಿರುಗಿಸಿದ್ರೆ ಬಿಸಿನೀರು!"

"ಎಲ್ಲಿ ಹಾಕಿಸಿದ್ರಿ?"

"ಬಚ್ಚಲಲ್ಲೇ. ಮತ್ತೆಲ್ಲಿ? ಸಿಲಿಂಡರೂ ಅಲ್ಲೇ ಮೂಲೇಲಿ. ಇದ್ದಿದ್ದೊಂದು ಗವಾಕ್ಷಿ, ಎರಚಲು ಹೊಡೀತಿತ್ತು, ರಟ್ಟು ಬಡಿದೆ."

ನನಗೆ ಎದೆ ಧಸಕ್ಕೆಂದಿತು. ಹೇಳಿದರೆ ಅವರು ನಕ್ಕುಬಿಟ್ಟರು. "ಲೀಕ್ ಆದ್ರೆ ಮೂಗಿಗೆ ಗೊತ್ತಾಗಲ್ವೇನ್ರೀ?"

ಈ ಮಾತು ಊರಿನ ಅರ್ಧ ಜನರ ಬಾಯಲ್ಲಿ ಇರುವಂಥದೇ. ಅದು ಅರ್ಧ ಸತ್ಯ. ಉಳಿದರ್ಧದಲ್ಲಿ ಸಾವಿದೆ.

ಮೊದಲು ಸತ್ಯದ ಭಾಗ. ಸಿಲಿಂಡರಿನೊಳಗಿರುವುದು ಪ್ರೊಪೇನ್, ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಿ ಒತ್ತಿ ದ್ರವ ಮಾಡಿ ತುಂಬಿರುತ್ತಾರೆ. ಆರೂಕಾಲರ ಬಸ್ಸಿನೊಳಗೆ ಜನ ಕಾಲಿಡಲು ಜಾಗವಿಲ್ಲದೆ ನಿಂತಿರುತ್ತಾರಲ್ಲ, ಅದು ದ್ರವ. ಅದೇ ಜನವನ್ನು ಮೈದಾನಕ್ಕೆ ಬಿಟ್ಟರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ, ಅದು ಅನಿಲ. ಒಂದು ಲೀಟರ್ ದ್ರವ ಹೊರಬಂದರೆ ಹೆಚ್ಚುಕಡಿಮೆ 250 ಲೀಟರ್ ಅನಿಲವಾಗುತ್ತದೆ. ಒಳಗೆ ದ್ರವ ಇರುವ ತನಕ ಒತ್ತಡ ಹೆಚ್ಚು ಇಳಿಯುವುದೂ ಇಲ್ಲ. ಆದುದರಿಂದ ಒಲೆಯ ಉರಿ ನೋಡಿ ಸಿಲಿಂಡರಿನಲ್ಲಿ ಎಷ್ಟಿದೆ ಅಂತ ಹೇಳಲಾಗದು. ತಕ್ಕಡಿಯೇ ಗತಿ. ಖಾಲಿ ತೂಕ ಸಿಲಿಂಡರಿನ ಮೇಲೇ ಬರೆದಿರುತ್ತದೆ, ಮನೆಯದ್ದಾದರೆ ಅದರ ಮೇಲೆ 14.2 ಕಿಲೋ. ವ್ಯಾಪಾರಿಗಳಿಗೆ ಇದನ್ನು ನಾನು ಹೇಳಿಕೊಡಬೇಕೆ!

ಈ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬಹುದು. ಕೊಳೆತ ನಾತ ಬರುವುದು ಬೇಕೆಂದೇ ಬೆರೆಸುವ ಮರ್ಕ್ಯಾಪ್ಟನ್ ಎಂಬ ಗಂಧಕದ ವಸ್ತುವಿನಿಂದ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರವಾದ್ದರಿಂದ ಸೋರಿದ್ದು ನೆಲ ಹಿಡಿದು ಹರಿಯುತ್ತದೆ. ನಾತ ಬಂದರೆ ಸ್ವಿಚ್ ಮುಟ್ಟಬೇಡಿ, ಕಡ್ಡಿ ಗೀರಬೇಡಿ. ಬಾಗಿಲು ತೆರೆದು, ರೆಗ್ಯುಲೇಟರ್ ಆರಿಸಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಇಲ್ಲಿಯವರೆಗೆ ಸಾಹುಕಾರರ ಮೂಗು ಸರಿಯೇ.

ಆದರೆ ಸ್ವಾಮೀ, ಬಚ್ಚಲಲ್ಲಿ ಜೀವ ತೆಗೆಯುವ ಇನ್ನೊಂದು ಗ್ಯಾಸು ಸಿಲಿಂಡರಿನಿಂದ ಸೋರುವುದೇ ಇಲ್ಲ. ಅದು ಹುಟ್ಟುವುದು ಉರಿಯಲ್ಲಿ!

ಹೇಗೆ ಅಂತೀರಾ? ಸ್ವಲ್ಪ ಕೈಗಳ ಲೆಕ್ಕ ಮಾಡೋಣ. ಇಂಗಾಲದ ಪರಮಾಣುವಿಗೆ ನಾಲ್ಕು ಕೈ, ಆಮ್ಲಜನಕಕ್ಕೆ ಎರಡು, ಜಲಜನಕಕ್ಕೆ ಒಂದೇ. ಕೈ ಅಂದರೆ ನಿಜವಾದ ಕೈಯಲ್ಲ, ಪಾಲುದಾರಿಕೆ. ಇಬ್ಬರು ತಲಾ ಒಂದು ಎಲೆಕ್ಟ್ರಾನ್ ಬಂಡವಾಳ ಹಾಕಿ ಅಂಗಡಿ ಇಟ್ಟಂತೆ. (ಅಂಗಡಿಯ ಉಪ್ಪಿನ ಮೂಟೆಯಲ್ಲಿ ಪಾಲುದಾರಿಕೆ ಇಲ್ಲ. ಅಲ್ಲಿ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟೇಬಿಟ್ಟಿದೆ, ಆಮೇಲೆ ಒಂದನ್ನೊಂದು ಬಿಡಲಾರದೆ ಅಂಟಿಕೊಂಡಿವೆ.) ಪ್ರೊಪೇನಿನಲ್ಲಿ ಮೂರು ಇಂಗಾಲ, ಒಟ್ಟು ಹನ್ನೆರಡು ಕೈ. ಸಾಲಾಗಿ ಕೈಕೈ ಹಿಡಿಯಲು ನಾಲ್ಕು ಹೋದವು. ಉಳಿದ ಎಂಟು ಕೈಗೆ ಎಂಟು ಜಲಜನಕ. ಲೆಕ್ಕ ಚುಕ್ತಾ.

ಕಡ್ಡಿ ಗೀರಿದಾಗ ಆ ಬಂಧಗಳು ಕಳಚುತ್ತವೆ. ಜಲಜನಕ ಆಮ್ಲಜನಕದೊಡನೆ ಕೂಡಿ ನೀರಾವಿಯಾಗುತ್ತದೆ, ಇಂಗಾಲ ಎರಡು ಆಮ್ಲಜನಕ ಹಿಡಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹಳೇ ಬಂಧ ಬಿಡಿಸುವ ಖರ್ಚಿಗಿಂತ ಹೊಸ ಬಂಧದ ಆದಾಯ ಹೆಚ್ಚು. ಆ ಲಾಭವೇ ನಿಮ್ಮ ಬಿಸಿನೀರು.

ಈಗ ಗಾಳಿಯ ಲೆಕ್ಕ. ಒಂದೇ ಬಿಸಿ, ಒಂದೇ ಒತ್ತಡದಲ್ಲಿ ಒಂದು ಲೀಟರ್ ಯಾವ ಅನಿಲ ತೆಗೆದುಕೊಂಡರೂ ಅಣುಗಳ ಎಣಿಕೆ ಒಂದೇ ಎಂದು 1811ರಲ್ಲೇ ಇಟಲಿಯ ಅವೊಗಾಡ್ರೊ ಹೇಳಿಟ್ಟ. ಒಂದು ಪ್ರೊಪೇನ್ ಅಣು ಪೂರ್ತಿ ಉರಿಯಲು ಐದು ಆಮ್ಲಜನಕದ ಅಣು ಬೇಕು, ಅಂದರೆ ಒಂದು ಲೀಟರ್ ಅನಿಲಕ್ಕೆ ಐದು ಲೀಟರ್ ಆಮ್ಲಜನಕ. ಗಾಳಿಯಲ್ಲಿ ಅದಿರುವುದು ಐದರಲ್ಲೊಂದು ಪಾಲು. ಹಾಗಾಗಿ ಲೀಟರಿಗೆ ಸುಮಾರು 24 ಲೀಟರ್ ಗಾಳಿ. ಬ್ಯುಟೇನಿಗಾದರೆ 31. ತೂಕಕ್ಕೆ ತಿರುಗಿಸಿದರೆ ಒಂದು ಕಿಲೋ ಗ್ಯಾಸಿಗೆ ಸುಮಾರು 13 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿ ಏಳು ಘನ ಮೀಟರೂ ಇಲ್ಲ. ಗವಾಕ್ಷಿಗೆ ರಟ್ಟು ಬಡಿದಿದ್ದರೆ ಅರ್ಧ ಕಿಲೋ ಗ್ಯಾಸು ಅಷ್ಟೂ ಆಮ್ಲಜನಕವನ್ನು ತಿಂದುಹಾಕೀತು!

ಅಷ್ಟು ದೂರ ಹೋಗುವ ಮೊದಲೇ ಕೆಲಸ ಕೆಡುತ್ತದೆ. ಆಮ್ಲಜನಕ ಸಾಲದೆ ಬಂದಾಗ ಇಂಗಾಲಕ್ಕೆ ಎರಡರ ಬದಲು ಒಂದೇ ಸಿಗುತ್ತದೆ. ಅದೇ ಇಂಗಾಲದ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆ ಇಲ್ಲ, ಕಣ್ಣುರಿ ಇಲ್ಲ. ತೂಕ ಹೆಚ್ಚುಕಡಿಮೆ ಗಾಳಿಯದ್ದೇ, ಹಾಗಾಗಿ ನೆಲದಿಂದ ಸೂರಿನವರೆಗೂ ಬೆರೆಯುತ್ತದೆ. ಉಸಿರಿನಲ್ಲಿ ಒಳಹೊಕ್ಕು ರಕ್ತದ ಹಿಮೊಗ್ಲೋಬಿನ್ನಿಗೆ ಅಂಟಿತೆಂದರೆ, ಅದರ ಹಿಡಿತ ಆಮ್ಲಜನಕದ್ದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿ. ಬಸ್ಸಿನ ಸೀಟಿಗೆಲ್ಲ ಟವೆಲ್ ಹಾಕಿಟ್ಟ ಹಾಗೆ. ಆಮ್ಲಜನಕ ಬಾಗಿಲಲ್ಲೇ ನಿಲ್ಲಬೇಕು.

ತಲೆನೋವು, ತಲೆಸುತ್ತು, ವಾಕರಿಕೆ, ಮೊಣಕಾಲಿನಲ್ಲಿ ಸೋಲು. ಹೊಟ್ಟೆ ಖಾಲಿ ಇದ್ದದ್ದಕ್ಕೆ ಇರಬೇಕು ಅಂದುಕೊಳ್ಳುವಷ್ಟರಲ್ಲಿ ಮನುಷ್ಯ ಕುಸಿದಿರುತ್ತಾನೆ. ಒಳಗಿನಿಂದ ಚಿಲಕ ಬೇರೆ ಹಾಕಿರುತ್ತಾನೆ. ಮೊದಲು ಮಿಂದವನಿಗೆ ಏನೂ ಆಗಲಿಲ್ಲ ಎಂಬುದು ಅವನ ಹಿಂದೆ ಹೋದವನಿಗೆ ಭರವಸೆಯಲ್ಲ. ಮೂರನೆಯವನ ಪಾಲಿಗೆ ಉಳಿದಿರುವುದು ಇಬ್ಬರು ಬಳಸಿಬಿಟ್ಟ ಗಾಳಿ.

ನಮ್ಮ ಮಲೆನಾಡಿನ ಹಳೇ ಬಚ್ಚಲಲ್ಲಿ ಹಂಡೆ ಒಲೆಗೆ ಸೌದೆ, ಅಡಿಕೆ ಸಿಪ್ಪೆ ಹಾಕಿ ಉರಿಸುತ್ತಿದ್ದರಲ್ಲ, ಅದರಲ್ಲೂ ಇದೇ ವಿಷ ಹುಟ್ಟುತ್ತಿತ್ತು. ಆದರೆ ಹೊಗೆ ಕಣ್ಣುರಿಸಿ ಎಚ್ಚರಿಸುತ್ತಿತ್ತು, ಹೆಂಚಿನ ಸಂದಿಯಿಂದ ಆಚೆಗೂ ಹೋಗುತ್ತಿತ್ತು. ಈಗ ಮೇಲೆ ಕಾಂಕ್ರೀಟು, ಸುತ್ತ ಟೈಲ್ಸು, ಬಾಗಿಲು ಗಾಳಿ ಆಡದಷ್ಟು ಬಿಗಿ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗುವವರಿಗೂ ಇದೇ ಮಾತು.

ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಗೋಡೆಯಲ್ಲಿರಲಿ. ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಲಿ. ನೀಲಿ ಉರಿ ಹಳದಿಯಾದರೆ ರಿಪೇರಿಯವರನ್ನು ಕರೆಯಿರಿ, ನೀಲಿ ಇದೆ ಎಂದು ಮಾತ್ರ ನಂಬಿ ಕೂರಬೇಡಿ. ಯಾರಾದರೂ ಬಿದ್ದಿದ್ದರೆ ಬಾಗಿಲು ತೆರೆದು ಬಯಲಿಗೆ ಎಳೆದು ತನ್ನಿ, ಕೂಡಲೇ ಆಸ್ಪತ್ರೆ.

ಇಷ್ಟನ್ನೂ ಸಾಹುಕಾರರು ಬೆಲ್ಲ ತೂಗುತ್ತಲೇ ಕೇಳಿದರು. ಒಂದು ಮಾತಾಡಲಿಲ್ಲ. ಆಮೇಲೆ ಮನೆಗೆ ಫೋನ್ ಹಚ್ಚಿ, "ನೋಡೇ, ಆ ರಟ್ಟು ಕಿತ್ತಾಕು. ಹುಡುಗರು ಸ್ನಾನಕ್ಕೆ ಹೋಗೋದು ಬೇಡ, ಒಲೆ ಮೇಲೆ ನೀರು ಕಾಯ್ಸು" ಅಂದರು.

ನಿನ್ನೆ ವಿಚಾರಿಸಿದೆ. ಗೀಸರ್ ಹಿತ್ತಲ ಗೋಡೆಗೆ ಹೋಗಲಿದೆಯಂತೆ. ಹದಿನಾರು ಅಡಿ ಕೊಳವೆ ಬೇಕು, ಪ್ಲಂಬರ್ ಹತ್ತಿರ ಚೌಕಾಸಿ ಇನ್ನೂ ಮುಗಿದಿಲ್ಲ.